ಹೆಸರು ಕೇಳಿಕೊಂಡು ಬಂದ ಅತ್ತೆ

ಐಸ್‌ಲ್ಯಾಂಡಿನ ಪಡುವಣ ತುದಿಯ ಆ ಊರಿನಲ್ಲಿ ಮೀನಿಗಿಂತ ಲೇಖಕರು ಹೆಚ್ಚು. ಗಾಳಿಯೋ, ಹೋದ ವರ್ಷ ಒಂದು ಟಗರನ್ನು ಎತ್ತಿ ಚರ್ಚಿನ ಗೋಪುರಕ್ಕೆ ಸಿಕ್ಕಿಸಿ ಹೋಗಿತ್ತು. ನಂಬದವರು ಟಗರನ್ನೇ ಕೇಳಲಿ. ಅಂಥ ಗಾಳಿಯಲ್ಲೂ ಅಲ್ಲಿಯ ತಾಯಂದಿರು ಕೂಸನ್ನು ಉಣ್ಣೆಯಲ್ಲಿ ಸುತ್ತಿ, ಕೈಗಾಡಿಯಲ್ಲಿ ಹಾಕಿ, ಮಧ್ಯಾಹ್ನದ ನಿದ್ದೆಗೆ ಮನೆಯ ಹೊರಗೇ ಬಿಡುತ್ತಾರೆ.

ಆ ಲೇಖಕರಲ್ಲೊಬ್ಬಳಾದ ಸಾಲ್ವೋರ್ ಬರೆಯುತ್ತಿದ್ದುದು ಮಗಳ ಆ ನಿದ್ದೆಯ ಹೊತ್ತಿನಲ್ಲಿ ಮಾತ್ರ. ಹೆರಿಗೆಗೆ ಮುಂಚೆ ಅವಳ ಒಂದು ವಾಕ್ಯ ಮುಗಿಯುವಷ್ಟರಲ್ಲಿ ಓದುಗನಿಗೆ ಗಡ್ಡ ಬೆಳೆಯುತ್ತಿತ್ತು. ಈಗ ಮಗು ಯಾವಾಗ ಚೀರೀತೋ ಎಂಬ ಭಯಕ್ಕೆ ವಾಕ್ಯಗಳು ಮೊಟಕಾದವು, ಹರಿತವಾದವು. ಎದೆಹಾಲು ಕಟ್ಟಿ ನೋಯುವಾಗ ಬರೆದ ಪುಟಗಳನ್ನು ಓದಿ ಪ್ರಕಾಶಕ ವಾರವಿಡೀ ಊಟ ಬಿಟ್ಟನಂತೆ.

ಬಸುರಿಯಾಗಿದ್ದಾಗ ಅವಳ ಕನಸಿಗೆ ಸತ್ತ ಅತ್ತೆ ಹಾಲ್ಬೆರಾ ಬಂದಿದ್ದಳು. ಮಂಚದ ಅಂಚಿನಲ್ಲಿ ಕೂತು, ಒದ್ದೆ ಕೈಗವಸು ಹಿಂಡುತ್ತಾ, "ನಂಗೂ ಒಂಚೂರು ಜಾಗ ಕೊಡೇ" ಎಂದಿದ್ದಳು. ಸತ್ತವರು ಹಾಗೆ ಬಂದು ಕೇಳಿದರೆ ಹುಟ್ಟುವ ಕೂಸಿಗೆ ಅವರ ಹೆಸರಿಡಬೇಕು. ಇಡದಿದ್ದರೆ ಕೂಸಿಗೆ ಏಳಿಗೆಯಿಲ್ಲ. ಕನಸನ್ನು ಕೇಳಿ ಗಂಡ ಓಡುರ್ ಅತ್ತ ಅಳುವಿಗೆ ಬಂದರಿನ ನೀರು ಒಂದು ಗೇಣು ಏರಿತು. ಚರ್ಚಿನಲ್ಲಿ ಹೆಸರಿಡುವ ದೀಕ್ಷಾಸ್ನಾನದವರೆಗೆ ಹೆಸರನ್ನು ಯಾರಿಗೂ ಹೇಳುವಂತಿಲ್ಲ; ಅದು ಅವರಿಬ್ಬರಲ್ಲೇ ಉಳಿಯಿತು.

ಉಳಿದಿದ್ದರೆ ಚೆನ್ನಾಗಿತ್ತು. ಸಾಲ್ವೋರಳ ಕಾದಂಬರಿಯಲ್ಲಿ ಬಂದರಿಗೆ ಬಿದ್ದು ಮುಳುಗುವ ಪುಟ್ಟ ಹುಡುಗಿಯೊಬ್ಬಳಿದ್ದಳು. ಅವಳಿಗೆ ಯೋರುನ್ ಎಂದು ಹೆಸರಿಟ್ಟರೆ ಪುಟದ ಮೇಲೆ ಹಿಟ್ಟಿನ ಗೊಂಬೆಯಂತೆ ಬಿದ್ದಿರುತ್ತಿದ್ದಳು. ಒಂದು ಮಧ್ಯಾಹ್ನ ಸಾಲ್ವೋರ್ ಸುಮ್ಮನೆ 'ಹಾಲ್ಬೆರಾ' ಎಂದು ಬರೆದಳು. ಹುಡುಗಿ ಎದ್ದು ಕೂತು, ತೋಳಿಗೆ ಮೂಗು ಒರೆಸಿಕೊಂಡು, ಹಾಲು ಕೇಳಿದಳು. ಮಗಳು ಏಳುವಷ್ಟರಲ್ಲಿ ಸಾಲ್ವೋರ್ ಕಥೆಯ ಆ ಹುಡುಗಿಯನ್ನು ಮುಳುಗಿಸಿಯೂ ಆಗಿತ್ತು.

ಅಚ್ಚಿನ ಕರಡು ಬಂದಾಗ ಓಡುರ್ ಗಾಡಿ ತೂಗುತ್ತಾ ಹೊರಗೆ ಕೂತು ಓದಿದ. ಒಳಗೆ ಬಂದವನ ಮುಖ ಒಣಮೀನಿನಂತಾಗಿತ್ತು.

"ಇದೇನೇ ಇದು? ನಮ್ಮವ್ವನ ಹೆಸರು ನಿನಗೆ ಬಿಟ್ಟಿ ಸಿಕ್ತಾ?"

"ಕಥೆ ಕಣೋ ಅದು."

"ಕಥೆಗೆ ಕೊಟ್ಟು, ಕೊಂದೂ ಹಾಕಿ, ಆಮೇಲೆ ನನ್ನ ಮಗಳಿಗೆ ಇಡ್ತೀಯಾ? ಇನ್ನೂ ಅಚ್ಚಾಗಿಲ್ಲ ತಾನೇ, ಬದಲಾಯಿಸು."

ಅವಳು ಬದಲಾಯಿಸಿದಳು. ಯೋರುನ್ ಎಂದು ಬರೆದಳು. ಹುಡುಗಿ ಮತ್ತೆ ಹಿಟ್ಟಾದಳು. ಕಥೆಯಲ್ಲಿ ಆ ಹುಡುಗಿಯ ತಾಯಿಯ ಅಳು ನಾಟಕದ ಅಳುವಾಯಿತು. ಹೊರಗೆ ಗಾಡಿಯಲ್ಲಿ ಮಗಳು ಮಿಸುಕಿದಳು. ಇನ್ನು ಹೊತ್ತಿರಲಿಲ್ಲ. ಸಾಲ್ವೋರ್ ಯೋರುನ್ ಎಂಬುದನ್ನು ಹೊಡೆದುಹಾಕಿ, ಹಾಲ್ಬೆರಾಳನ್ನೇ ಉಳಿಸಿ ಕರಡನ್ನು ಕಳಿಸಿಬಿಟ್ಟಳು. ಓಡುರ್‌ಗೂ ಹೇಳಿದಳು. ಅವನು ಬೈಯಲಿಲ್ಲ.

"ಭಾನುವಾರ ದೀಕ್ಷಾಸ್ನಾನಕ್ಕೆ ಮಗೂನ ನೀನೇ ಎತ್ಕೋ. ಹೆಸರೂ ನೀನೇ ಹೇಳು" ಎಂದ.

ಭಾನುವಾರ ಊರೆಲ್ಲ ಚರ್ಚಿನಲ್ಲಿತ್ತು. ಸಮಾಧಿಗಳಿಂದಲೂ ನಾಲ್ಕು ಜನ ಎದ್ದು ಬಂದಿದ್ದರೆಂದರೆ ಸುಳ್ಳಲ್ಲ. ಪಾದ್ರಿ ಕೇಳಿದ: "ಮಗುವಿನ ಹೆಸರೇನಮ್ಮಾ?"

ಸಾಲ್ವೋರ್ ಬಾಯಿ ತೆರೆದಳು. ಬಟ್ಟಲಿನ ನೀರಿನ ಮೇಲೆ ಮಗಳ ಮುಖ ಅಲುಗುತ್ತಿತ್ತು. ತಾನೇ ಬರೆದ ನೀರು, ತಾನೇ ಬರೆದ ಮುಖ. ನಾಲಿಗೆಗೆ ಬಂದ ಹೆಸರು ಅಲ್ಲೇ ಹೆಪ್ಪುಗಟ್ಟಿತು.

"ಯೋರುನ್" ಎಂದಳು.

ಕಾಫಿಯ ಹೊತ್ತಿಗೆ ಓಡುರನ ಸೋದರತ್ತೆ ಕೇಕ್ ಜಗಿಯುತ್ತಾ ಕೆಣಕಿದಳು: "ಹಾಲ್ಬೆರಾ ಅಂತ ಇಡ್ತೀರಿ ಅಂದ್ಕೊಂಡಿದ್ವಲ್ಲೋ! ಅಷ್ಟು ಬೇಗ ಮರೆತುಬಿಟ್ಯಾ ಅವ್ವನ್ನ?"

"ಆ ಹೆಸರು ದೊಡ್ಡ ಮಗಳಿಗೆ ಹೋಯ್ತು ಅತ್ತೆ" ಎಂದ ಓಡುರ್. ಅವರಿಗಿದ್ದುದು ಇದೊಂದೇ ಮಗು; ಸೋದರತ್ತೆ ತಮಾಷೆಯೆಂದುಕೊಂಡು ಕಪ್ಪು ತುಳುಕುವಂತೆ ನಕ್ಕಳು.

ಮರುದಿನ ಮಧ್ಯಾಹ್ನ ಅವನು ಗಾಡಿಯನ್ನು ಹೊರಗೆ ಬಿಡಲಿಲ್ಲ. ಒಳಗೆ ತಂದು ಅವಳ ಬರೆಯುವ ಮೇಜಿಗೆ ಒತ್ತಿ ನಿಲ್ಲಿಸಿದ.

"ಇನ್ಮೇಲೆ ಇಲ್ಲೇ ಮಲಗ್ಲಿ. ನಿನ್ನ ಕಣ್ಣೆದುರಿಗೆ."

ಅವನು ಹೋದಮೇಲೆ ಸಾಲ್ವೋರ್ ಪೆನ್ನು ತೆಗೆದಳು. ಗಾಳಿಯಿಲ್ಲದ ಕೋಣೆಯಲ್ಲಿ ಮಗು ಕಣ್ಣು ಬಿಟ್ಟುಕೊಂಡು ಮಲಗಿತ್ತು. "ಯೋರುನ್" ಎಂದು ಕರೆದಳು. ಮಗು ತಿರುಗಲಿಲ್ಲ. ಇನ್ನೊಂದು ಹೆಸರು ಹಿಡಿದು ಕರೆಯಲು ಅವಳಿಗೆ ಧೈರ್ಯವಾಗಲಿಲ್ಲ.