ಫೋಲ್ಡರ್ ಮೇಲೆ ಮುನೆಮ್ಮನ ಮೊಕ

ಸುಜಾತಾ ಹಿಂದೂಪುರದಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟವಳು. ಮದುವೆಗೆ ಬೇಕಾದ ಸ್ಪೀಕರು, ಎಲ್‌ಇಡಿ ಪರದೆ, ಹಾಡು ಎಲ್ಲಾ ಅವಳದೇ. ಲ್ಯಾಪ್‌ಟಾಪಿನಲ್ಲಿ ಹಾಡುಗಳನ್ನು ಫೋಲ್ಡರ್ ಫೋಲ್ಡರ್ ಮಾಡಿ, ಒಂದೊಂದರ ಮೇಲೂ ಹಾಡಿದವರ ಫೋಟೋ ಕೂರಿಸಿದ್ದಳು. ಬರೀ ಹಳದಿ ಡಬ್ಬಿಗಳ ಸಾಲು ನೋಡಿದರೆ ಅವಳಿಗೆ ಮೈ ಉರಿಯುತ್ತಿತ್ತು. ಯಾರು ಹಾಡಿದ್ದು ಅಂತ ಕಣ್ಣಿಗೆ ಕಾಣಬೇಡವಾ?

ಅದರಲ್ಲೊಂದು ಅವಳ ಅಮ್ಮ ಮುನೆಮ್ಮನದು. ಕುಂದುರ್ಪಿ ಕಡೆ ಮುನೆಮ್ಮನ ಸೋಬಾನೆ ಪದ ಇಲ್ಲದೆ ಮದುಮಗಳಿಗೆ ಅರಿಶಿನ ಹಚ್ಚುತ್ತಿರಲಿಲ್ಲ. ಗಂಡ ತೀರಿಕೊಂಡಿದ್ದೇ ತಡ, ಚಪ್ಪರದೊಳಕ್ಕೆ ಕರೆಯುವುದನ್ನೇ ಬಿಟ್ಟರು. ಅದ್ಯಾವ ಸೀಮೆ ನ್ಯಾಯವೋ, ಸತ್ತವನು ಗಂಡ, ಬಾಯಿ ಕಟ್ಟಿದ್ದು ಇವಳದು. ಸುಜಾತಾ ಹಟ ಹಿಡಿದು ಅಷ್ಟೂ ಪದ ರೆಕಾರ್ಡ್ ಮಾಡಿದಳು. ಈಗ ಮದುವೆ ಮನೆಯವರು ಫೋನ್ ಮಾಡಿ ಅವನ್ನೇ ಕೇಳುತ್ತಾರೆ. ಮುನೆಮ್ಮ ಮಾತ್ರ ಮನೆಯಲ್ಲೇ.

ಕಲ್ಯಾಣದುರ್ಗದ ಮದುವೆಗೂ ಹಾಗೇ ಕರೆದಿದ್ದರು. ಸುಜಾತಾ ಲ್ಯಾಪ್‌ಟಾಪನ್ನು ಪರದೆಗೆ ಸಿಕ್ಕಿಸಿದಳು, ಫೋಲ್ಡರುಗಳು ಮೂಡಿದವು. ಸಾಲಿನ ನಡುವೆ ಬೋಳು ಹಣೆಯ ಮುನೆಮ್ಮ ನಗುತ್ತಿದ್ದಳು. ಮದುಮಗಳ ಚಿಕ್ಕಪ್ಪ ಅಶ್ವತ್ಥಪ್ಪ ಓಡಿ ಬಂದ.

"ಏಮಮ್ಮಾ, ಆ ಫೋಟೋ ತೀಸೇಯ್, ತೆಗ್ದುಬಿಡು. ಶುಭಕಾರ್ಯದಾಗೆ ಗಂಡನಿಲ್ಲದೋಳ ಮೊಕ ಯಾಕೆ? ಅಲ್ಲೊಂದು ಲಕ್ಷ್ಮಿ ಫೋಟೋ ಹಾಕು."

"ಪದ ಬೇಕಾ?"

"ಪದ ಬೇಕಲ್ಲ ಮತ್ತೆ. ಅದ್ಕೇ ತಾನೆ ನಿನ್ನ ಅಷ್ಟು ದೂರದಿಂದ ಕರೆಸಿದ್ದು."

ಬದಲಿಸುವುದೇನು ಕಷ್ಟವಲ್ಲ. ಪ್ರಾಪರ್ಟೀಸ್‌ಗೆ ಹೋಗಿ, ಕಸ್ಟಮೈಸ್ ಒತ್ತಿ, ಬೇರೆ ಚಿತ್ರ ಆರಿಸಿದರೆ ಮುಗಿಯಿತು. ಸುಜಾತಾಳ ಬೆರಳು ಅಲ್ಲಿಗೆ ಹೋಗಲಿಲ್ಲ. ಅಮ್ಮನ ದನಿ ಶುಭವಂತೆ, ಮುಖ ಅಶುಭವಂತೆ.

"ದನಿ ಬಂದಿದ್ದು ಆ ಮೊಕದಿಂದ್ಲೇ ಕಣಪ್ಪ. ಮೊಕ ಬ್ಯಾಡ ಅಂದ್ರೆ ದನೀನೂ ಇಲ್ಲ" ಅಂದವಳೇ ಲ್ಯಾಪ್‌ಟಾಪ್ ಮುಚ್ಚಿಬಿಟ್ಟಳು.

ಅಶ್ವತ್ಥಪ್ಪ ಹಲ್ಲು ಕಡಿದ. "ನಿನ್ನಂತೋರು ಬೇಕಾದಷ್ಟು ಜನ ಅವ್ರೆ" ಅಂದು ಯಾರದೋ ಫೋನಿನಿಂದ ಸಿನಿಮಾ ಹಾಡು ಹಾಕಿಸಿದ. ಅರಿಶಿನದ ಬಟ್ಟಲು ಹಿಡಿದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಪಾದಕ್ಕೆ, ಆಮೇಲೆ ಮಂಡಿಗೆ, ಕೊನೆಗೆ ಕೆನ್ನೆಗೆ ಅಂತ ಪದ ಹೇಳಿದಂತೆ ಕೈ ಆಡಬೇಕು. ಕುಣಿಯೋ ಹಾಡಿಗೆ ಏನು ಮಾಡುತ್ತಾರೆ ಪಾಪ, ಒಬ್ಬಳು ಕೆನ್ನೆಗೆ ಕೈ ಹಾಕಿದರೆ ಇನ್ನೊಬ್ಬಳು ಪಾದಕ್ಕೆ ಹಾಕಿದಳು.

ಮಣೆ ಮೇಲೆ ಕೂತಿದ್ದ ಮದುಮಗಳು ಅನಿತಾ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. "ನಮ್ಮಮ್ಮಂಗೆ ಅರಿಶಿನ ಹಚ್ಚಿದ್ದು ಮುನೆಮ್ಮತ್ತೆ ಪದಕ್ಕೇ. ಅದು ಬರಗಂಟ ನಾನು ಹಚ್ಚಿಸ್ಕಣಲ್ಲ, ಚಿಕ್ಕಪ್ಪಾ. ಮೂರ್ತ ಹೋದ್ರೆ ಹೋಗ್ಲಿ."

ಮುಹೂರ್ತದ ಮಾತು ಬಂದದ್ದೇ ಅಶ್ವತ್ಥಪ್ಪ ತಣ್ಣಗಾದ. ಸುಜಾತಾಳ ಹತ್ತಿರ ಬಂದು ದನಿ ತಗ್ಗಿಸಿದ.

"ಹಾಕಮ್ಮ, ನಿನ್ನಿಷ್ಟದಂಗೇ ಆಗ್ಲಿ. ಆ ಫೋಟೋ ಮಾತ್ರ ಒಸಿ ಚಿಕ್ಕದಾಗಿ ಹಾಕು, ಯಾರಿಗೂ ಕಾಣ್ದಂಗೆ."

"ಆಯ್ತಣ್ಣ" ಅಂದಳು ಸುಜಾತಾ. ಲ್ಯಾಪ್‌ಟಾಪ್ ತೆರೆದಳು, ವ್ಯೂ ಒತ್ತಿದಳು, ಎಕ್ಸ್‌ಟ್ರಾ ಲಾರ್ಜ್ ಐಕಾನ್ಸ್ ಅಂತ ಇದ್ದುದನ್ನು ಆರಿಸಿದಳು. ಪರದೆಯಲ್ಲಿ ಮುನೆಮ್ಮ ಆಳೆತ್ತರಕ್ಕೆ ಎದ್ದು ನಿಂತಳು. ಪದ ಶುರುವಾಯಿತು, ಹೆಂಗಸರ ಕೈಗಳು ಮದುಮಗಳ ಪಾದಕ್ಕೆ ಹೋದವು. ಎಕ್ಸ್‌ಟ್ರಾ ಲಾರ್ಜ್‌ಗಿಂತ ದೊಡ್ಡದೊಂದು ಇದ್ದಿದ್ದರೆ ಸುಜಾತಾ ಅದನ್ನೇ ಒತ್ತುತ್ತಿದ್ದಳು.