ಗೌರವಾರ್ಥ ರಜೆ

ಒಂದು ಕೈಯಲ್ಲಿ ಶವಪೆಟ್ಟಿಗೆಯ ಹಿಡಿ, ಇನ್ನೊಂದು ಕೈಯಲ್ಲಿ ಫೋನು. ಜೂನಿಯರ್ ವಕೀಲೆ ಹಿಂದುಹಿಂದಕ್ಕೆ ಮೆಟ್ಟಿಲಿಳಿಯುತ್ತಿದ್ದಳು. ಕೇಸನ್ನು ಮಧ್ಯಾಹ್ನ ಕರೆಯಿರಿ ಎಂದು ಕೋರ್ಟಿನ ಗುಮಾಸ್ತನನ್ನು ಬೇಡಿಕೊಳ್ಳಬೇಕಿತ್ತು. ಆ ಪುಣ್ಯಾತ್ಮ ಫೋನು ಎತ್ತುತ್ತಿರಲಿಲ್ಲ.

"ಅದನ್ನ ಒಳಗಿಡಮ್ಮ," ಎಂದಳು ಇನ್ನೊಂದು ತುದಿ ಹಿಡಿದಿದ್ದ ಇಸ್ತ್ರಿಯಾಕೆ. "ಪೆಟ್ಟಿಗೇಲಿರೋ ವಕೀಲಮ್ಮನ್ನ ಮೆಟ್ಟಿಲ ಮೇಲೆ ಬೀಳಿಸ್ತೀವಿ ಈಗ."

"ಇವತ್ತು ನಿಮ್ಮ ಕೇಸಿದೆ ಕಣ್ರೀ. ನಾನೀಗ ಅಲ್ಲಿರಬೇಕಿತ್ತು."

"ಗೊತ್ತಿಲ್ವಾ ನಂಗೆ? ನನ್ನ ಮನೆ ತಾನೇ ಅದು."

ಇಸ್ತ್ರಿಯಾಕೆಯ ಗಲ್ಲಿಯ ಮನೆಗಳನ್ನೆಲ್ಲ ಕೆಡವಿಸಲು ಜಾಗದ ಯಜಮಾನ ತುದಿಗಾಲಲ್ಲಿ ನಿಂತಿದ್ದ. ಅವನನ್ನು ಹಿಡಿದಿಟ್ಟಿದ್ದದ್ದು ಒಂದು ತಡೆಯಾಜ್ಞೆ, ಅದೂ ಇವತ್ತಿನ ವಿಚಾರಣೆಯವರೆಗೆ ಮಾತ್ರ. ನ್ಯಾಯಾಧೀಶರು ಇವತ್ತು ಕೂತು ಮುಂದುವರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಕೇಸನ್ನು ಫೀಸಿಲ್ಲದೆ ತಲೆಮೇಲೆ ಹೊತ್ತುಕೊಂಡಿದ್ದ ವಕೀಲಮ್ಮ ನೋಡಿದರೆ ನಿನ್ನೆ ಸಂಜೆ ಕಚೇರಿಯ ಕುರ್ಚಿಯಲ್ಲೇ ತಲೆ ವಾಲಿಸಿಬಿಟ್ಟಿದ್ದರು. ಸಾಯುವುದಕ್ಕೂ ಒಂದು ಹೊತ್ತುಗೊತ್ತು ಬೇಡವೇ.

ಕೆಳಗೆ ಶವದ ವ್ಯಾನಿನ ಪಕ್ಕ ವಕೀಲಮ್ಮನ ಅಕ್ಕ ನಿಂತಿದ್ದಳು. ರಸ್ತೆ ತುಂಬ ಗಲ್ಲಿಯ ಜನ. ಅವರನ್ನು ಕಂಡು ಅವಳಿಗೆ ಮೈ ಉರಿಯುತ್ತಿತ್ತು. ಇವತ್ತಾದರೂ ಇವರು ನನ್ನ ತಂಗಿಯನ್ನು ಬಿಡಬಾರದೇ ಎನ್ನಿಸುತ್ತಿತ್ತು.

ಅಷ್ಟರಲ್ಲಿ ವಕೀಲರ ಸಂಘದ ಅಧ್ಯಕ್ಷರು ಕಾರಿನಿಂದ ಇಳಿದರು. ಪೆಟ್ಟಿಗೆಗೆ ದೊಡ್ಡ ಹಾರ ಹಾಕಿ, ಕಣ್ಣೊರೆಸಿಕೊಂಡು ಅಕ್ಕನ ಹತ್ತಿರ ಬಂದರು.

"ನಿಮ್ಮ ತಂಗಿಗೆ ಮಾಡಬೇಕಾದ ಗೌರವ ಮಾಡಿದೀವಮ್ಮ. ಇವತ್ತು ಇಡೀ ಕೋರ್ಟಿಗೆ ರಜೆ. ಜಡ್ಜ್ ಸಾಹೇಬರೂ ಒಪ್ಪಿದ್ರು."

ಜೂನಿಯರ್ ಫೋನು ಕಿವಿಯಿಂದ ತೆಗೆದಳು. "ರಜೆ ಅಂದ್ರೆ? ನಮ್ಮ ಗಲ್ಲಿ ಕೇಸು ಸರ್?"

"ಎಲ್ಲಾ ಕೇಸೂ ನಾಳೆಗೆ."

"ತಡೆಯಾಜ್ಞೆ ಇವತ್ತಿಗೆ ಮುಗಿಯುತ್ತೆ ಸರ್. ಸಾಹೇಬರ ಮನೆಗಾದ್ರೂ ಹೋಗಿ ಒಂದು ಸಹಿ..."

"ಅವರು ಊರಲ್ಲಿಲ್ಲಮ್ಮ, ರಜೆ ಅಂತ ಹೊರಟುಬಿಟ್ರು. ಈಗ ಇದೆಲ್ಲ ಮಾತಾಡಬಾರದು. ಸತ್ತವರ ಮುಂದೆ."

"ಸತ್ತವರ ಕೇಸೇ ಸರ್ ಇದು."

ಅಧ್ಯಕ್ಷರು ಪಾಪ, ಕೆಟ್ಟವರಲ್ಲ. ಕಣ್ಣೀರೂ ನಿಜವಾದದ್ದೇ. ಕೆಟ್ಟವರಾಗಿದ್ದರೆ ಹಿಗ್ಗಾಮುಗ್ಗಾ ಬೈದು ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು, ಅದಕ್ಕೂ ಕಲ್ಲು ಬಿತ್ತು.

*

ತಂಗಿಯ ಕೆಲಸ ಅಕ್ಕನಿಗೆ ಎಂದೂ ಹಿಡಿಸಿರಲಿಲ್ಲ. ಸೈಕಲ್ ರಿಪೇರಿ ಅಂಗಡಿಯ ಮೇಲೊಂದು ಕೋಣೆ, ಅದಕ್ಕೆ 'ಉಚಿತ ಕಾನೂನು ನೆರವು' ಅಂತ ಬೋರ್ಡು ಬೇರೆ. ಬರುವವರು ಸಂಬಳ ಸಿಗದ ಆಯಾ, ಪಿಂಚಣಿ ನಿಂತ ಮುದುಕ, ಗಂಡ ಹೊರಹಾಕಿದ ಹೆಂಗಸು. ಕೋರ್ಟಿನಲ್ಲಿ 'ಪುಗಸಟ್ಟೆ ವಕೀಲಮ್ಮ' ಎಂದು ನಗುತ್ತಿದ್ದರು.

"ಊರ ಉಸಾಬರಿಯೆಲ್ಲ ನಿನಗ್ಯಾಕೆ?" ಎಂದು ಅಕ್ಕ ಬಡಿಸುವಾಗಲೆಲ್ಲ ಗೊಣಗುವಳು.

ಒಮ್ಮೆ ತಂಗಿ ಹೊತ್ತಿಗೆ ಮುಂಚೆಯೇ ಮನೆಗೆ ಬಂದು ಚೀಲವನ್ನು ಮೂಲೆಗೆಸೆದಳು.

"ಯಾರೋ ಹಿರಿಯ ವಕೀಲರು ಹೋದ್ರಂತೆ, ಕೋರ್ಟಿಗೆ ರಜೆ. ಆ ಆಯಾ ಸುಳ್ಳು ಹೇಳಿ ಕೆಲಸ ತಪ್ಪಿಸಿ, ಮಗು ಎತ್ಕೊಂಡು ಎರಡು ಬಸ್ಸು ಹತ್ತಿ ಬಂದಿದ್ಲು ಕಣಕ್ಕ. ಬಾಗಿಲು ನೋಡಿದ್ರೆ ಬೀಗ. ಮುಖ ಎಲ್ಲಿಡ್ಲಿ ನಾನು? ನಾನು ಸಾಯೋದಾದ್ರೆ ಕೋರ್ಟಿನ ಬೇಸಿಗೆ ರಜೆಯಲ್ಲೇ ಸಾಯ್ತೀನಿ, ನೋಡ್ತಿರು."

"ಬಿಡ್ತು ಅನ್ನು. ಕೈ ತೊಳಕೊಂಡು ಬಾ ಊಟಕ್ಕೆ."

ಬಿಡ್ತು ಅನ್ನಲಿಲ್ಲ ಅವಳು. ಕೈ ತೊಳೆಯುತ್ತಲೂ ಬೈಯುತ್ತಲೇ ಇದ್ದಳು.

*

ಇಸ್ತ್ರಿಯಾಕೆಗೆ ಗಲ್ಲಿಯಿಂದ ಫೋನು ಬಂತು. ಕೇಳುತ್ತ ಕೇಳುತ್ತ ಅವಳ ಮುಖ ಬಿಳಿಚಿಕೊಂಡಿತು.

"ಮನೆ ಕೆಡವೋ ಯಂತ್ರ ಬಂದಿದೆಯಂತೆ. ಕೋರ್ಟೇ ಇಲ್ಲ, ನಿಮ್ಮ ಆಜ್ಞೆ ಎಲ್ಲಿ ಅಂತ ಕೇಳ್ತಿದ್ದಾರಂತೆ."

ಜನ ಎಲ್ಲಿಗೆ ಓಡಬೇಕೆಂದು ತಿಳಿಯದೆ ಚಡಪಡಿಸಿದರು. ಹೆಣವನ್ನು ಬಿಟ್ಟು ಹೋಗಲು ಮನಸ್ಸಿಲ್ಲ, ನಿಂತರೆ ಮನೆಯಿಲ್ಲ. ಇಸ್ತ್ರಿಯಾಕೆ ಅಕ್ಕನ ಮುಂದೆ ಬಂದಳು. "ತಪ್ಪು ತಿಳ್ಕೋಬೇಡಿ ಅಮ್ಮ. ಸ್ಮಶಾನಕ್ಕೆ ಬರೋಕಾಗಲ್ಲ ನಮಗೆ."

"ಇದ್ದಾಗ ಅವಳ ಜೀವ ತಿಂದ್ರಿ. ಈಗ ಮಣ್ಣು ಹಾಕೋಕೂ ಪುರುಸೊತ್ತಿಲ್ವಾ?" ಎಂದಳು ಅಕ್ಕ.

ಇಸ್ತ್ರಿಯಾಕೆ ತಲೆ ಎತ್ತಲಿಲ್ಲ. "ಇಲ್ಲಮ್ಮ," ಎಂದಷ್ಟೇ ಹೇಳಿ ತಿರುಗಿದಳು.

ಅವಳ ಬೆನ್ನನ್ನೇ ನೋಡುತ್ತ ಅಕ್ಕ ನಿಂತಳು. ತಂಗಿಯ ಬೇಸಿಗೆ ರಜೆಯ ಮಾತು ನೆನಪಾಯಿತು. ತಂಗಿಯ ಮೇಲೆ ಸಿಟ್ಟು ಬಂತು, ಈ ಅಧ್ಯಕ್ಷರ ಮೇಲೆ ಇನ್ನೂ ಹೆಚ್ಚು ಬಂತು.

"ನಿಮ್ಮ ಕೋರ್ಟು ಯಾವಾಗ ತೆಗೆಯುತ್ತೆ?"

"ನಾಳೆ ಬೆಳಗ್ಗೆ ಅಮ್ಮ," ಎಂದರು ಅಧ್ಯಕ್ಷರು.

ಅಕ್ಕ ವ್ಯಾನಿನ ಮುಂದಿನ ಸೀಟು ಹತ್ತಿ ಕೂತಳು. ಇಸ್ತ್ರಿಯಾಕೆಯನ್ನು ಕರೆದು ಪಕ್ಕಕ್ಕೆ ಹತ್ತಿಸಿಕೊಂಡಳು. "ಇವಳು ದಾರಿ ತೋರಿಸ್ತಾಳೆ, ನಡಿಯಪ್ಪ."

"ಸ್ಮಶಾನದ ದಾರಿ ನಂಗೆ ಗೊತ್ತಮ್ಮ," ಎಂದ ಚಾಲಕ.

"ಸ್ಮಶಾನ ಅಂದ್ನಾ ನಾನು?"

ಗಲ್ಲಿಯ ಬಾಯಿ ಒಂದೇ ಗಾಡಿ ಹಿಡಿಸುವಷ್ಟಿತ್ತು. ಯಂತ್ರ ಇನ್ನೂ ಹೊರಗೆ, ಮೊದಲ ಮನೆಯ ಕಡೆ ಮೂತಿ ಎತ್ತಿ ನಿಂತಿತ್ತು. ಚಾಲಕ ಗೊಣಗುತ್ತಲೇ ಅದರ ಮುಂದೆ ವ್ಯಾನನ್ನು ಅಡ್ಡ ತಂದು ನಿಲ್ಲಿಸಿದ. ಅಕ್ಕ ಇಳಿದು ಹಿಂದಿನ ಬಾಗಿಲು ತೆರೆಸಿದಳು.

ಯಂತ್ರದವನು ಎಂಜಿನ್ ಆರಿಸಿ ಕೆಳಗಿಳಿದ. ಪೆಟ್ಟಿಗೆಯನ್ನು ನೋಡಿದ, ಅಕ್ಕನನ್ನು ನೋಡಿದ. "ಎಷ್ಟು ಹೊತ್ತು ಇಡ್ತೀರಮ್ಮ ಇಲ್ಲಿ?"

"ಕೋರ್ಟು ತೆಗೆಯೋವರೆಗೆ."

"ನಾಳೆವರೆಗಾ? ಈ ಬಿಸಿಲಲ್ಲಾ?"

ಇಸ್ತ್ರಿಯಾಕೆ ಅಕ್ಕನ ಮುಖ ನೋಡಿದವಳೇ ಒಳಗೆ ಓಡಿದಳು. ಮೊದಲು ಜ್ಯೂಸ್ ಅಂಗಡಿಯವನು ಗೋಣಿಯಲ್ಲಿ ಐಸಿನ ಗಟ್ಟಿ ಹೊತ್ತು ತಂದ. ಆಮೇಲೆ ಒಂದೊಂದು ಮನೆಯಿಂದಲೂ ಪಾತ್ರೆ, ಬಕೆಟ್ಟು, ಮಗು ಮೀಯಿಸುವ ಟಬ್ಬು, ಎಲ್ಲದರಲ್ಲೂ ಐಸು. ಜೂನಿಯರ್ ವ್ಯಾನಿನೊಳಗೆ ಹತ್ತಿ ಮುಚ್ಚಳ ಸರಿಸಿದಳು. ಅಕ್ಕ ತೋಳು ಮೇಲೇರಿಸಿಕೊಂಡು ತಂಗಿಯ ಸುತ್ತ ಒಂದೊಂದೇ ತುಂಡು ಜೋಡಿಸತೊಡಗಿದಳು.

ಹಿಂದೆಯೇ ಕಾರಿನಲ್ಲಿ ಬಂದಿದ್ದ ಅಧ್ಯಕ್ಷರ ಕೈಗೂ ಯಾರೋ ಒಂದು ಬಕೆಟ್ಟು ಕೊಟ್ಟು ಹೋದರು. ಯಾರಿಗೆ ದಾಟಿಸಬೇಕೆಂದು ತೋಚದೆ ಅವರು ಅದನ್ನು ಹಿಡಿದೇ ನಿಂತರು. ಬಕೆಟ್ಟಿನ ತಳ ಒಡೆದಿತ್ತು. ಐಸು ಕರಗಿ ನೀರು ಅವರ ಬೂಟುಗಳ ಮೇಲೆ ತೊಟ್ಟಿಕ್ಕುತ್ತಿತ್ತು.