ಮೂರನೆಯ ಚರಣ

ನನ್ನ ಹೆಸರಿನಲ್ಲಿ ಒಂದು ಹಾಡಿದೆ. ಸ್ಕಾರ್‌ಬೆಕ್ ಊರಿನಲ್ಲಿ ಅದು ಬಾರದವರು ಯಾರೂ ಇಲ್ಲ. ತೊದಲು ಮಾತಿನ ಮಕ್ಕಳೂ ಹಾಡುತ್ತವೆ. ಆದರೆ ಅವರು ಹಾಡುವಾಗ ಅದರಲ್ಲಿ ನಾನಿರುವುದಿಲ್ಲ. ನಾನಿರಬೇಕಾದ ಜಾಗದಲ್ಲಿ ನಾರ್ಮನ್ ಟಾಪ್ಲಿ ಎಂಬ ಗೋಲ್‌ಕೀಪರನ ಹೊಟ್ಟೆ ಇರುತ್ತದೆ.

ಬರೆದವನು ನನ್ನ ಗಂಡ, ಟ್ರೆವರ್ ಹಾರ್ಸ್‌ಫಾಲ್. ಅದು ಕ್ಷಮೆ ಕೇಳುವ ಹಾಡು. ಯಾಕೆ ಕ್ಷಮೆ ಅಂದರೆ, ೧೯೭೧ರ ಏಪ್ರಿಲ್ ತಿಂಗಳ ಒಂದು ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ನಮ್ಮ ಮದುವೆ ನಿಶ್ಚಯವಾಗಿತ್ತು. ನೋಂದಣಿ ಕಚೇರಿ ಇದ್ದದ್ದು ಮಿಲ್ ಲೇನ್‌ನಲ್ಲಿ, ಫುಟ್‌ಬಾಲ್ ಮೈದಾನಕ್ಕೆ ಹೋಗುವ ದಾರಿಯಲ್ಲೇ. ಅವತ್ತು ಹಾಲ್ಡನ್ ತಂಡದ ಜೊತೆ ಪಂದ್ಯ. ನಾನು ಅಮ್ಮ ಹೊಲಿದ ಬಿಳಿ ಉಡುಪು ಹಾಕಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದೆ. ಊರಿನ ಗಂಡಸರೆಲ್ಲ ಕೊರಳಿಗೆ ಕೆಂಪು ಮಫ್ಲರ್ ಸುತ್ತಿಕೊಂಡು ನನ್ನ ಮುಂದೆಯೇ ಹಾದುಹೋದರು.

"ಏನಮ್ಮಾ, ಗಂಡು ಬರ್ಲಿಲ್ವಾ? ನಾನು ಆಗ್ತೀನಾ ನೋಡು!"

"ಹೋಗ್ಲಿ ಬಿಡು ಪಾಲೀನ್, ಬಾ ಪಂದ್ಯ ನೋಡೋಣ. ಅಲ್ಲಾದ್ರೂ ಹನ್ನೊಂದು ಜನ ಬಂದಿರ್ತಾರೆ."

ಟ್ರೆವರ್ ಬರಲಿಲ್ಲ. ಎಂಬತ್ತು ಮೈಲಿ ದೂರದ ಊರಿನಲ್ಲಿ ಹಿಂದಿನ ರಾತ್ರಿ ಅವನ ವಾದ್ಯತಂಡದ ಕಾರ್ಯಕ್ರಮವಿತ್ತು. ವ್ಯಾನ್ ಕೆಟ್ಟಿತೆಂದು ಅವನು ಆಮೇಲೆ ಹೇಳಿದ. ಸುಳ್ಳು. ಲಂಡನ್ನಿನಿಂದ ರೆಕಾರ್ಡ್ ಕಂಪನಿಯವನೊಬ್ಬ ಬಂದಿದ್ದ; ಬೆಳಿಗ್ಗೆ ಇನ್ನೆರಡು ಹಾಡು ಕೇಳಿಸು ಅಂದ; ಇವನು ಕೇಳಿಸಿದ. ಎರಡು ಹಾಡು ಆರಾದವು. ನಾನು ಎರಡು ಗಂಟೆ ಕಾಲ ನಿಂತೆ. ಮೂರು ಹೊಡೆದಾಗ ನೆಂಟರಿಗೆಲ್ಲ "ಮನೆಗೆ ನಡೀರಿ, ಮದುವೆ ಇಲ್ಲ" ಎಂದೆ.

ಎರಡು ವಾರ ಕಳೆದ ಮೇಲೆ ಮದುವೆಯೇನೋ ಆಯಿತು. ಯಾಕಾಯಿತು ಅಂತ ಕೇಳಬೇಡಿ. ನನಗೆ ಇಪ್ಪತ್ತೊಂದು ವರ್ಷ, ಅವನಿಗೆ ಒಳ್ಳೆಯ ಕೂದಲಿತ್ತು.

ಕ್ಷಮೆಯನ್ನು ಅವನು ಬಾಯಿಮಾತಿನಲ್ಲಿ ಕೇಳಲಿಲ್ಲ, ಹಾಡು ಬರೆದ. ಎರಡು ಚರಣ ಮಾಮೂಲಿ ಪ್ರೀತಿ ಪ್ರೇಮ. ಪಲ್ಲವಿ ಹೀಗೆ: "ಪಾಲೀನ್, ಪಾಲೀನ್, ಬಾಗಿಲು ತೆರೆಯೇ." ನಿಜವಾದ ವಿಷಯ ಇದ್ದದ್ದು ಮೂರನೆಯ ಚರಣದಲ್ಲಂತೆ. "ಅಂತೆ" ಅನ್ನುತ್ತಿದ್ದೇನೆ, ಯಾಕೆಂದರೆ ನಾನು ಅದನ್ನು ಕೇಳಿಲ್ಲ. ಅಡುಗೆಮನೆಯಲ್ಲಿ ಗಿಟಾರ್ ಹಿಡಿದು ಹಾಡಲು ಬಂದಾಗ ನಾನೇ ತಡೆದೆ.

"ಇಲ್ಲಿ ಬೇಡ ಟ್ರೆವ್. ಊರೆದುರು ನಿಲ್ಸಿದ್ದೀಯ, ಊರೆದುರೇ ಹೇಳು."

"ಹೇಳ್ತೀನಿ ನೋಡ್ತಿರು. ಇಡೀ ಇಂಗ್ಲೆಂಡಿಗೇ ಹೇಳ್ತೀನಿ."

ಅದೇ ಲಂಡನ್ನಿನವನು ರೆಕಾರ್ಡ್ ಮಾಡುವಾಗ ಗಡಿಯಾರ ನೋಡಿದ. ಮೂರು ನಿಮಿಷಕ್ಕಿಂತ ಉದ್ದದ ಹಾಡನ್ನು ರೇಡಿಯೊದವರು ಹಾಕುವುದಿಲ್ಲ ಎಂದು ಮೂರನೆಯ ಚರಣಕ್ಕೆ ಕತ್ತರಿ ಹಾಕಿದ. ೧೯೭೩ರಲ್ಲಿ ಹಾಡು ದೇಶದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಹತ್ತೊಂಬತ್ತನೆಯ ಸ್ಥಾನಕ್ಕೇರಿತು. ಟ್ರೆವರ್ ಒಮ್ಮೆ ಟಿ.ವಿ.ಯಲ್ಲಿ ಬಂದ, ನೇರಳೆ ಅಂಗಿ ಹಾಕಿಕೊಂಡು. ಕ್ಷಮೆ ಮಾತ್ರ ಲಂಡನ್ನಿನ ನೆಲದ ಮೇಲೆ ಕತ್ತರಿಸಿದ ಟೇಪಿನ ತುಂಡಾಗಿ ಬಿದ್ದಿತ್ತು.

"ವೇದಿಕೆ ಮೇಲೆ ಪೂರ್ತಿ ಹಾಡ್ತೀನಿ," ಅಂದ.

ಅಷ್ಟರಲ್ಲಿ ಟಾಪ್ಲಿ ಬಂದ. ಅವನು ಹಾಲ್ಡನ್ ತಂಡದ ಗೋಲ್‌ಕೀಪರ್, ಬೀರಿನ ಪೀಪಾಯಿಯಂಥ ಆಳು. ಆ ವರ್ಷದ ಪಂದ್ಯದಲ್ಲಿ ನಮ್ಮ ಕಡೆಯ ಯಾರೋ ಅವನ ಮೇಲೊಂದು ಪೈ, ಮಾಂಸ ತುಂಬಿದ ಕಡುಬಿನಂಥದ್ದು, ಎಸೆದರು. ಪುಣ್ಯಾತ್ಮ ಅದನ್ನು ಎತ್ತಿಕೊಂಡು, ಮಣ್ಣು ಒರೆಸಿ, ಒಂದು ತುತ್ತು ಕಚ್ಚಿದ. ಆ ಹೊತ್ತಿಗೆ ಸರಿಯಾಗಿ ಚೆಂಡು ಅವನ ಪಕ್ಕದಿಂದ ಬಲೆಯೊಳಗೆ ಹೋಯಿತು. ಗೋಲಿನ ಹಿಂದೆ ನಿಂತಿದ್ದ ನಾಲ್ಕು ಸಾವಿರ ಜನಕ್ಕೆ ಹಾಡಬೇಕೆನಿಸಿತು. ಆ ವಾರ ಎಲ್ಲರ ಬಾಯಲ್ಲೂ ಇದ್ದದ್ದು ನನ್ನ ಹಾಡು.

"ಟಾಪ್ಲಿ, ಟಾಪ್ಲಿ, ಬಾಗಿಲಗಲ ಹೊಟ್ಟೆ! ಪೈ ತಿನ್ನೋಕೆ ಹೋಗಿ ಗೋಲು ಬಿಟ್ಟೆ!"

ಅಲ್ಲಿಗೆ ಮುಗಿಯಿತು. ಅವತ್ತಿನಿಂದ ಟ್ರೆವರ್ ಎಲ್ಲಿ ಹಾಡಿದರೂ ಮೊದಲ ಚರಣ ಕೇಳುತ್ತಾರೆ, ಎರಡನೆಯದನ್ನು ಸಹಿಸುತ್ತಾರೆ, ಆಮೇಲೆ ಟಾಪ್ಲಿಯ ಹೊಟ್ಟೆಯನ್ನು ಹಿಡಿದುಕೊಂಡರೆ ಬಿಡುವುದೇ ಇಲ್ಲ. ಊರ ಬಾಯಿ ಮುಚ್ಚಿಸುವುದು ಯಾರಿಂದಾದೀತು? ಕಾರ್ಮಿಕರ ಕ್ಲಬ್ಬುಗಳಲ್ಲಿ ಹಾಡಿದ, ಪಬ್ಬುಗಳಲ್ಲಿ ಹಾಡಿದ, ಕಡಲತೀರದ ರಜಾ ಶಿಬಿರಗಳಲ್ಲಿ ಹಾಡಿದ. ತಂಡ ಒಡೆಯಿತು, ಒಬ್ಬನೇ ಹಾಡಿದ. ಇನ್ನೂರು ಹಾಡು ಬರೆದ, ಅದರಲ್ಲಿ ಹತ್ತಾದರೂ ಈ ಹಾಡಿಗಿಂತ ಚೆನ್ನಾಗಿವೆ. ಆರು ರೆಕಾರ್ಡ್ ತಂದ. ಅವು ನಮ್ಮ ಮಹಡಿಯ ಕೋಣೆಯಲ್ಲಿ ಪೆಟ್ಟಿಗೆಗಟ್ಟಲೆ ಇವೆ. ಅತಿಥಿ ಬಂದರೆ ಮಲಗಿಸಲು ಜಾಗವಿಲ್ಲ. ಹೊಸ ಹಾಡು ಶುರುಮಾಡಿದರೆ ಸಾಕು, ಹಿಂದಿನಿಂದ ಯಾರಾದರೂ ಕೂಗುತ್ತಾರೆ: "ಟ್ರೆವ್, ಅದಿರ್ಲಿ, ಟಾಪ್ಲಿ ಹಾಡಪ್ಪಾ!"

ನನಗೂ ಬಿಡುಗಡೆಯಿಲ್ಲ. ಮಾಂಸದಂಗಡಿಯವನು ಸಾಸೇಜ್ ಕಟ್ಟಿಕೊಡುತ್ತ ಟಾಪ್ಲಿ ಗುನುಗುತ್ತಾನೆ. "ಅದು ನನ್ನ ಹಾಡು ಕಣಪ್ಪಾ" ಎಂದರೆ, "ನಿಮ್ಮ ಹೊಟ್ಟೆ ಅಷ್ಟೇನೂ ಇಲ್ವಲ್ಲ ಪಾಲೀನ್" ಎನ್ನುತ್ತಾನೆ.

ಹೀಗೇ ಐವತ್ತು ವರ್ಷ ಹೋಯಿತು. ಟ್ರೆವರನ ಎಡಗೈ ಬೆರಳುಗಳು ಈಗ ಸರಿಯಾಗಿ ಬಾಗುವುದಿಲ್ಲ. ತಂತಿ ಒತ್ತಿದರೆ ಮುಖ ಕಿವುಚುತ್ತಾನೆ. ಹೋದ ಮಾರ್ಚಿನಲ್ಲಿ, "ಇನ್ನೊಂದು ವರ್ಷ ಆದ್ರೆ ಹೆಚ್ಚು ಕಣೆ" ಎಂದ. ನಾನು ಬಟ್ಟೆ ಮಡಿಸುತ್ತಿದ್ದೆ. ಹಾಗಾದರೆ ನನ್ನ ಚರಣ? ಬಾಯಿಬಿಟ್ಟು ಕೇಳಲಿಲ್ಲ. ಕೇಳದಿದ್ದರೂ ಅವನಿಗೆ ಗೊತ್ತಾಯಿತು.

ಮುಂದಿನ ವಾರವೇ ಫುಟ್‌ಬಾಲ್ ಕ್ಲಬ್ಬಿನಿಂದ ಡಾರೆನ್ ಎಂಬ ಹುಡುಗ ಫೋನ್ ಮಾಡಿದ. ಹಳೆಯ ಮೈದಾನವನ್ನು ಕೆಡವಿ ಮನೆ ಕಟ್ಟುತ್ತಾರಂತೆ. ಮೇ ತಿಂಗಳಲ್ಲಿ ಅಲ್ಲಿ ಕೊನೆಯ ಪಂದ್ಯ, ಅದೂ ಹಾಲ್ಡನ್ ಜೊತೆಗೇ. ಪಂದ್ಯಕ್ಕೆ ಮುಂಚೆ ಮೈದಾನದ ಮಧ್ಯೆ ನಿಂತು ಟ್ರೆವರ್ ಹಾಡಬೇಕು.

"ಆ ಟಾಪ್ಲಿ ಹಾಡು ಸಾರ್."

"ಅದರ ಹೆಸರು ಪಾಲೀನ್," ಎಂದ ಟ್ರೆವರ್. "ಪೂರ್ತಿ ಹಾಡ್ತೀನಿ. ಮೂರು ಚರಣ. ಒಪ್ಪಿಗೆ ಇದ್ರೆ ಬರ್ತೀನಿ, ಇಲ್ಲಾಂದ್ರೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

"ನಾಲ್ಕು ನಿಮಿಷ ಸಾಕಾಗುತ್ತಾ ಸಾರ್?"

"ಧಾರಾಳ."

ಫೋನಿಟ್ಟು ನನ್ನ ಕಡೆ ನೋಡಿದ. ಟಿ.ವಿ.ಯಲ್ಲಿ ಬಂದಾಗಲೂ ಅವನ ಮುಖ ಅಷ್ಟು ಬೆಳಗಿರಲಿಲ್ಲ. "ಅದೇ ದಾರಿ, ಅದೇ ಹಾಲ್ಡನ್, ಅದೇ ಜನ ಕಣೆ," ಎಂದ. ಅದೇ ಜನವಲ್ಲ, ಅರ್ಧಕ್ಕರ್ಧ ಸತ್ತಿದ್ದಾರೆ. ಆದರೂ ಅವರ ಮಕ್ಕಳು ಮೊಮ್ಮಕ್ಕಳಾದರೂ ಕೇಳಲಿ ಎಂದು ನಾನು ನೀಲಿ ಟೋಪಿಯನ್ನು ಹೊರಗೆ ತೆಗೆದಿಟ್ಟೆ.

ಪಂದ್ಯಕ್ಕೆ ಮೂರು ದಿನವಿರುವಾಗ ನಾರ್ಮನ್ ಟಾಪ್ಲಿ ತೀರಿಕೊಂಡ. ಎಂಬತ್ತೊಂದು ವರ್ಷ. ಸಾಯುವುದಕ್ಕೂ ಎಂಥ ಹೊತ್ತು ಹುಡುಕಿದ ನೋಡಿ. ಸತ್ತವರನ್ನು ಬೈಯಬಾರದು, ಆದರೆ ನಾನು ಪಿಂಗಾಣಿ ತಟ್ಟೆಯೊಂದನ್ನು ಪಾತ್ರೆ ತೊಳೆಯುವ ತೊಟ್ಟಿಯಲ್ಲಿ ಸ್ವಲ್ಪ ಜೋರಾಗಿಯೇ ಇಟ್ಟೆ.

ಶನಿವಾರ ಮೂರಕ್ಕೆ ಐದು ನಿಮಿಷವಿದ್ದಾಗ ಟ್ರೆವರ್ ಹುಲ್ಲಿನ ಮಧ್ಯೆ ನಿಂತ. ಹನ್ನೊಂದು ಸಾವಿರ ಜನ. ನಾನು ಎರಡನೆಯ ಸಾಲಿನಲ್ಲಿದ್ದೆ. ಮೊದಲ ಚರಣವನ್ನು ಚೆನ್ನಾಗಿ ಹಾಡಿದ. ಧ್ವನಿ ಸ್ವಲ್ಪ ಒಡೆದಿದೆ, ಆದರೆ ಒಡೆದದ್ದೇ ಈಗ ಚೆಂದ. ಪಲ್ಲವಿ ಬಂತು. "ಪಾಲೀನ್" ಅಂದವನು ಅವನೊಬ್ಬನೇ. ಎರಡನೆಯ ಚರಣ ಚಪ್ಪಾಳೆಯಲ್ಲಿ ಮುಳುಗಿತು. ಮತ್ತೆ ಟಾಪ್ಲಿ. ಸತ್ತನಲ್ಲ, ಅದಕ್ಕೇ ಎಂದಿಗಿಂತ ಜೋರು. ಒಂದು ಸಲ, ಎರಡು ಸಲ, ಐದು ಸಲ. ಟ್ರೆವರ್ ಕೈಯೆತ್ತಿದ: ಸ್ವಲ್ಪ ನಿಲ್ಲಿಸಿ. ಇನ್ನೂ ಜೋರಾಗಿ ಹಾಡಿ ಅನ್ನುತ್ತಿದ್ದಾನೆಂದು ತಿಳಿದು ಅವರು ಕುರ್ಚಿಗಳ ಮೇಲೆ ಹತ್ತಿದರು. ನನ್ನ ಪಕ್ಕದ ಗಂಡಸು ಕಣ್ಣೊರೆಸಿಕೊಳ್ಳುತ್ತ ನನ್ನ ಭುಜ ತಟ್ಟಿದ. "ಹಾಡಮ್ಮಾ, ನಾಚ್ಕೋಬೇಡ!"

ನಾಲ್ಕು ನಿಮಿಷ ಆಗಿಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆಟಗಾರರು ಬಂದು ಮೈದಾನದ ನಡುವಿನ ವೃತ್ತದಲ್ಲಿ ನಿಂತರು. ಡಾರೆನ್ ಕಪ್ಪು ಕೋಟಿನ ಒಬ್ಬ ಪುಟ್ಟ ಮುದುಕಿಯನ್ನು ಕೈಹಿಡಿದು ಕರೆತಂದು ಟ್ರೆವರನ ಪಕ್ಕದಲ್ಲೇ ನಿಲ್ಲಿಸಿದ. ಧ್ವನಿವರ್ಧಕದಲ್ಲಿ ಹೇಳಿದರು: ನಾರ್ಮನ್ ಟಾಪ್ಲಿಯವರ ನೆನಪಿಗೆ ಒಂದು ನಿಮಿಷ ಮೌನ, ಅವರ ಪತ್ನಿ ನಮ್ಮೊಂದಿಗಿದ್ದಾರೆ.

ರೆಫರಿ ಶಿಳ್ಳೆ ಊದಿದ. ಹನ್ನೊಂದು ಸಾವಿರ ಬಾಯಿ ಒಟ್ಟಿಗೆ ಮುಚ್ಚಿದವು.

ಐವತ್ತು ವರ್ಷದಲ್ಲಿ ನಾನು ಕಾಣದ ಮೌನ ಅದು. ಟ್ರೆವರನ ಗಿಟಾರಿಗೆ ಇನ್ನೂ ಧ್ವನಿವರ್ಧಕದ ವೈರು ಸಿಕ್ಕಿಸಿಯೇ ಇತ್ತು. ಅದರ ಗುಂಯ್ ಶಬ್ದ ಇಡೀ ಮೈದಾನಕ್ಕೆ ಕೇಳುತ್ತಿತ್ತು. ಅವನ ಎಡಗೈ ಮೇಲಕ್ಕೆ ಹೋದದ್ದನ್ನು ನೋಡಿದೆ. ಬೆರಳುಗಳು ಒಂದೊಂದಾಗಿ ಜಾಗಕ್ಕೆ ಬಂದವು. ಅವನು ನನ್ನ ಕಡೆ ನೋಡಿದ. ಹಾಡೋ ದಡ್ಡಾ, ಎಂದಿತು ನನ್ನ ಮನಸ್ಸು. ಹಾಡು. ಹೆಚ್ಚೆಂದರೆ ಒದೆಯುತ್ತಾರೆ.

ಟಾಪ್ಲಿಯ ಹೆಂಡತಿ ತಲೆ ತಗ್ಗಿಸಿ, ಕೈಚೀಲವನ್ನು ಎರಡೂ ಕೈಯಿಂದ ಹಿಡಿದು ನಿಂತಿದ್ದಳು. ಟ್ರೆವರ್ ಅವಳನ್ನು ನೋಡಿದ. ಅಂಗೈಯನ್ನು ತಂತಿಗಳ ಮೇಲೆ ಚಪ್ಪಟೆಯಾಗಿ ಇಟ್ಟ. ಗುಂಯ್ ಎನ್ನುವುದೂ ನಿಂತಿತು.

ಅವನು ಮಾಡಿದ್ದು ಸರಿ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ನಿಮಿಷ ಮುಗಿದು ಶಿಳ್ಳೆ ಆದದ್ದೇ ತಡ, ಮತ್ತೆ ಅದೇ. ಈ ಸಲ ಮೆಲ್ಲಗೆ, ಚರ್ಚಿನಲ್ಲಿ ಹಾಡುವ ಹಾಗೆ. ಆ ಮುದುಕಿಯೂ ಹಾಡಿದಳು. ಟ್ರೆವರ್ ಅವಳಿಗಾಗಿ ನುಡಿಸಿದ.

ಆಮೇಲೆ ನಾನು ಟ್ರೆವರನ ಬಳಿ ಹೋದಾಗ, ಆಟಗಾರರು ಒಳಗೆ ಹೋಗುವ ದಾರಿಯಲ್ಲಿ ಅವಳು ನಮ್ಮನ್ನು ಹಿಡಿದು ನಿಲ್ಲಿಸಿದಳು. "ನಿಮ್ ಹಾಡಂದ್ರೆ ಅವ್ರಿಗೆ ಪ್ರಾಣ," ಎಂದಳು ಟ್ರೆವರನಿಗೆ. "ಮೊಮ್ಮಕ್ಕಳಿಗೆ ಸ್ನಾನ ಮಾಡಿಸ್ತಾ ಅದನ್ನೇ ಹಾಡೋರು." ಆಮೇಲೆ ನನ್ನ ಕಡೆ ತಿರುಗಿದಳು. "ನಮ್ಮೆಜಮಾನ್ರ ಮೇಲೆ ನಿಮ್ಮೆಜಮಾನ್ರು ಹಾಡು ಕಟ್ಟಿದ್ರು. ನಿಮಗೂ ಹೆಮ್ಮೆ ಅಲ್ವೇನಮ್ಮಾ?"

"ಹೌದಮ್ಮಾ," ಎಂದೆ. ಬೇರೇನು ಹೇಳಲಿ?

ಪಂದ್ಯ ನೋಡದೆ ಹೊರಗೆ ನಡೆದೆ. ಟ್ರೆವರ್ ಗಿಟಾರಿನ ಪೆಟ್ಟಿಗೆ ಹೊತ್ತು ಹಿಂದೆಯೇ ಬಂದ. ಮಿಲ್ ಲೇನ್ ಖಾಲಿಯಾಗಿತ್ತು. ಹಳೆಯ ನೋಂದಣಿ ಕಚೇರಿಯಲ್ಲಿ ಈಗ ಉಗುರಿಗೆ ಬಣ್ಣ ಹಚ್ಚುವ ಅಂಗಡಿ. ಮೆಟ್ಟಿಲುಗಳು ಮಾತ್ರ ಅವೇ. ಅಲ್ಲಿ ನಿಂತೆ.

"ಸಾಕು ಟ್ರೆವ್. ಊರೂ ಬೇಡ, ಇಂಗ್ಲೆಂಡೂ ಬೇಡ. ಇಲ್ಲೇ ಹಾಡು. ನನ್ನೊಬ್ಳಿಗೇ ಹಾಡು."

ಅವನು ಪೆಟ್ಟಿಗೆ ತೆರೆಯಲಿಲ್ಲ.

"ಹಾಡು ಅಂದ್ನಲ್ಲ."

"ಮೊದಲ ಸಾಲು ಬರುತ್ತೆ ಕಣೆ," ಎಂದ. "ಆಮೇಲಿಂದು ಬರಲ್ಲ."

"ಅಂದ್ರೆ?"

"ಮರ್ತೋಗಿದೆ. ಮೊದಲ ಸಾಲಿಂದ ಮುಂದಕ್ಕೆ ಯಾವತ್ತಾದ್ರೂ ಬಿಟ್ಟಿದ್ದಾರಾ ಅವ್ರು? ಬರೆದಿಟ್ಟ ಹಾಳೆ ಆ ಲಂಡನ್ನಿನವನ ಹತ್ರಾನೇ ಉಳೀತು. ಮೈದಾನದಲ್ಲಿ ನಿಂತ್ರೆ ತಾನಾಗೇ ಬಾಯಿಗೆ ಬರುತ್ತೆ ಅಂದ್ಕೊಂಡಿದ್ದೆ."

"ಮನೇಲಿ ಒಂದು ಸಲಾನಾದ್ರೂ ಹಾಡ್ಕೋಬಾರ್ದಿತ್ತಾ?"

"ಮನೇಲಿ ಬೇಡ ಅಂದೋಳು ಯಾರು?"

ಆ ಮಾತು ನೆಟ್ಟಗೆ ಬಂದು ತಾಗಿತು. ತಾಗಿದ್ದಕ್ಕೇ ರೇಗಿತು. "ನಿಂತ್ಕೋ," ಎಂದೆ. "ಈ ಮೆಟ್ಲ ಮೇಲೆ. ನಾನು ಎರಡು ಗಂಟೆ ನಿಂತಿದ್ದೆ. ಈಗ ನಿನ್ನ ಸರದಿ." ಎಪ್ಪತ್ತನಾಲ್ಕು ವರ್ಷದವನಿಗೆ ಹೇಳುವ ಮಾತಲ್ಲ. ಅವನು ಹತ್ತಿ ನಿಂತ. ನಾನು ಎದುರಿನ ಟೀ ಅಂಗಡಿಗೆ ಹೋಗಿ ಕಿಟಕಿಯ ಪಕ್ಕ ಕುಳಿತೆ. ಗಡಿಯಾರದಲ್ಲಿ ಮೂರೂವರೆ.

ಐದು ನಿಮಿಷದಲ್ಲಿ ಬಂದು ಬೈಯುತ್ತಾನೆ ಅಂದುಕೊಂಡಿದ್ದೆ. ಬರಲಿಲ್ಲ. ಎರಡು ಟೀ ಕುಡಿದೆ, ಒಂದು ಬನ್ ತಿಂದೆ. ಐದಕ್ಕೆ ಪಂದ್ಯ ಮುಗಿದು ಜನ ಬೀದಿ ತುಂಬ ಬಂದರು. ಅವನನ್ನು ಕಂಡು ಬೆನ್ನು ತಟ್ಟಿದರು, ಫೋಟೊ ತೆಗೆಸಿಕೊಂಡರು, ಮೂತಿಗೇ ಟಾಪ್ಲಿ ಹಾಡಿದರು. "ಯಾಕಪ್ಪಾ ನಿಂತಿದ್ದೀಯ ಟ್ರೆವ್, ಹೆಂಡ್ತಿ ಕೈಕೊಟ್ಳಾ?" ಎಂದು ಒಬ್ಬ ಕೂಗಿದ್ದು ಗಾಜಿನೊಳಗಿಂದಲೂ ಕೇಳಿಸಿತು. ಅವನು ಹಾಡಲಿಲ್ಲ, ಪೆಟ್ಟಿಗೆ ತೆರೆಯಲಿಲ್ಲ, ಕೂರಲೂ ಇಲ್ಲ. ಮಳೆ ಹನಿಯತೊಡಗಿತು.

ಐದೂವರೆಗೆ ಕೊಡೆ ಹಿಡಿದು ಹೋದೆ.

"ಎರಡು ಗಂಟೆ ಆಯ್ತು. ಬಾ ಮನೆಗೆ."

"ಇನ್ನೂ ಇಪ್ಪತ್ತು ನಿಮಿಷ ಇದೆ," ಎಂದ.

ಎರಡು ಗಂಟೆ ಎಂಬುದು ನಾನು ಊರಿಗೆ ಹೇಳಿದ ಲೆಕ್ಕ. ನೆಂಟರನ್ನೆಲ್ಲ ಕಳಿಸಿದ ಮೇಲೆ ಆ ಬಾಗಿಲ ಮರೆಯಲ್ಲಿ ಒಬ್ಬಳೇ ಇನ್ನೂ ಇಪ್ಪತ್ತು ನಿಮಿಷ ನಿಂತಿದ್ದೆ, ಬಂದರೂ ಬಂದಾನು ಎಂದು. ಅದನ್ನು ಒಬ್ಬರಿಗೂ ಹೇಳಿರಲಿಲ್ಲ.

"ಯಾರು ಹೇಳಿದ್ರು ನಿಂಗೆ?"

"ನಿಮ್ಮಪ್ಪ. ಮನೆಗೆ ಹೋಗಿರ್ಲಿಲ್ಲ ಅವ್ರು. ಮೂಲೇಲಿ ನಿಂತು ಗಡಿಯಾರ ನೋಡ್ತಾ ಇದ್ರಂತೆ. ಮದುವೆ ದಿನ ನನ್ನ ಕಾಲರ್ ಹಿಡಿದು ಹೇಳಿದ್ರು." ಅವನು ಮುಖದ ಮೇಲಿನ ನೀರು ಒರೆಸಿಕೊಂಡ. "ಆ ಚರಣದಲ್ಲಿ ಇದ್ದಿದ್ದೇ ಅದು ಪಾಲೀನ್. ಪದ ಮರ್ತೋಯ್ತು. ಇಪ್ಪತ್ತು ನಿಮಿಷ ಮರೀಲಿಲ್ಲ."

ನಾನು ಮೆಟ್ಟಿಲು ಹತ್ತಿ ಅವನ ಪಕ್ಕದಲ್ಲಿ ನಿಂತೆ. ಸಿಟ್ಟು ಇಳಿದಿರಲಿಲ್ಲ, ಐವತ್ತೆರಡು ವರ್ಷದ ಸಿಟ್ಟು ಒಂದು ಸಂಜೆಗೆ ಇಳಿಯುತ್ತದೆಯೇ? ಪಬ್ಬಿನಿಂದ ಹೊರಟ ನಾಲ್ವರು ನಮ್ಮನ್ನು ಕಂಡು, ತೋಳಿಗೆ ತೋಳು ಸೇರಿಸಿಕೊಂಡು, "ಟಾಪ್ಲಿ, ಟಾಪ್ಲಿ" ಎಂದು ಶುರುಮಾಡಿದರು.

"ಬಾಯ್ಮುಚ್ರೋ!" ಎಂದು ಕೂಗಿದೆ. "ಕಾಣ್ಸಲ್ವಾ, ಇಲ್ಲಿ ನನ್ ಗಂಡ ಕಾಯ್ತಾ ಇದ್ದಾನೆ."

ನಾಲ್ವರೂ ಗಪ್‌ಚಿಪ್ಪಾದರು. ಮುಂದಿನ ಇಪ್ಪತ್ತು ನಿಮಿಷ ಬೀದಿಯಲ್ಲಿ ಮಳೆ ಬಿಟ್ಟರೆ ಬೇರೆ ಸದ್ದಿರಲಿಲ್ಲ.